ಹಳೆ ಕಾರು ಕೈಕೊಟ್ಟಾಗ: ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸುವ ಮುಂಚೆ

ಹಳೆ ಕಾರನ್ನು ಹೊಸದಾಗಿ ತೆಗೆದುಕೊಂಡವರು ಬಹುತೇಕ ಒಂದೇ ಕೆಲಸ ಮಾಡುತ್ತಾರೆ. ಗಾಡಿ ಸ್ವಲ್ಪ ಕೆಮ್ಮಿದರೆ ಸಾಕು, ಬಾನೆಟ್ ಎತ್ತಿ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗ) ಸ್ಕ್ರೂ ತಿರುಗಿಸಲು ಶುರು ಮಾಡುತ್ತಾರೆ. ಆಮೇಲೆ ನಿಜವಾದ ದೋಷ ಬೇರೆಲ್ಲೋ ಸಿಕ್ಕಿದರೂ ಅಷ್ಟರಲ್ಲಿ ಟ್ಯೂನಿಂಗ್ ಕೆಟ್ಟಿರುತ್ತದೆ. ಒಂದಿದ್ದ ದೋಷ ಎರಡಾಗುತ್ತದೆ. ಕಾರ್ಬ್ಯುರೇಟರ್ ಮೇಲೆ ಬರುವ ಹತ್ತು ದೂರುಗಳಲ್ಲಿ ಒಂಬತ್ತು ಕರೆಂಟಿನವು ಅಂತ ಹಳೆ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಲೆಕ್ಕ ಸ್ವಲ್ಪ ಜಾಸ್ತಿ ಆಯ್ತೇನೋ, ಆದರೆ ಮಾತು ಸುಳ್ಳಲ್ಲ.

ಇಲ್ಲಿರುವುದೆಲ್ಲ ಪಾಯಿಂಟ್ (ಕಿಡಿ ಬರಲು ಕರೆಂಟನ್ನು ಬಿಟ್ಟು ಬಿಟ್ಟು ಕಡಿಯುವ ಸಣ್ಣ ಸ್ವಿಚ್), ಕಾರ್ಬ್ಯುರೇಟರ್, ಡ್ರಮ್ ಬ್ರೇಕ್ ಇರುವ ಕಾಲದ ಕಾರುಗಳಿಗೆ. ಮೊದಲು ಖರ್ಚಿಲ್ಲದೆ ನೋಡಬಹುದಾದದ್ದನ್ನು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಗಾಡಿ ಓಡಿಸಿ ನೋಡಿ, ಆಮೇಲೆ ಮುಂದಿನದು. ಪ್ಲಗ್, ಪಾಯಿಂಟ್, ಕಾಯಿಲ್ (ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಭಾಗ) ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಹೊಸ ಪಾರ್ಟ್ ಅಂದ ಮಾತ್ರಕ್ಕೆ ಸರಿಯಾದ ಪಾರ್ಟ್ ಅಂತಲೂ ಅಲ್ಲ. ಈಗ ಸಿಗುವ ಕಂಡೆನ್ಸರ್ (ಪಾಯಿಂಟ್ ತುದಿಯಲ್ಲಿ ಕಿಡಿ ಹಾರದಂತೆ ತಡೆಯುವುದು), ರೋಟರ್ (ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಮುಟ್ಟಿಸುವ ತಿರುಗುವ ತುಂಡು) ಇವುಗಳಲ್ಲಿ ಡಬ್ಬಿ ಬಿಚ್ಚಿದ ದಿನವೇ ಕೈಕೊಡುವಂಥವೂ ಇರುತ್ತವೆ. ಅದಕ್ಕೇ ತೆಗೆದ ಹಳೆ ಪಾರ್ಟ್ ಎಸೆಯಬೇಡಿ.

ಕೈ ಹಾಕುವ ಮುಂಚೆ

ಬೇಕಾಗಿರುವುದು ಸಾಧಾರಣ ಮಲ್ಟಿಮೀಟರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ತಗಡುಗಳು), ಪ್ಲಗ್ ಸ್ಪ್ಯಾನರ್, ಒಂದು ಟೆಸ್ಟ್ ಲ್ಯಾಂಪ್, ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್. ಪೆಟ್ರೋಲ್ ಬೆಂಕಿಗೆ ಸರಿಹೋಗುವ ಫೈರ್ ಎಕ್ಸ್‌ಟಿಂಗ್ವಿಷರ್ ಕೈಗೆ ಸಿಗುವಲ್ಲಿ ಇರಲಿ. ಅದನ್ನು ಡಿಕ್ಕಿಯಲ್ಲಿ ಸಾಮಾನುಗಳ ಅಡಿಯಲ್ಲಿ ಇಟ್ಟರೆ ಇದ್ದೂ ಇಲ್ಲದಂತೆ.

ಜ್ಯಾಕ್ ಇರುವುದು ಎತ್ತುವುದಕ್ಕೆ ಮಾತ್ರ. ಅಡಿಯಲ್ಲಿ ನುಸುಳುವುದಾದರೆ ಸ್ಟ್ಯಾಂಡ್ ಕೊಡಲೇಬೇಕು. ಹಳೆ ಕಾರಿನಲ್ಲಿ ಇನ್ನೊಂದು ತೊಂದರೆ ಇದೆ. ಜ್ಯಾಕ್ ಕೊಡುವ ಜಾಗವೇ ಒಳಗೊಳಗೆ ತುಕ್ಕು ತಿಂದಿರುತ್ತದೆ. ಮೇಲೆ ಬಣ್ಣ ಚೆನ್ನಾಗಿದ್ದರೂ ಜ್ಯಾಕ್ ತಗಡಿನೊಳಗೆ ನುಗ್ಗಬಹುದು. ಮೊದಲು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಗಟ್ಟಿ ಸದ್ದು ಬರಬೇಕು. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವೈರಿಂಗ್ ಕೆಲಸಕ್ಕೆ ಮುಂಚೆ ಬ್ಯಾಟರಿಯ ಅರ್ತ್ ವೈರ್ (ಬಾಡಿಗೆ ಹೋಗುವ ವೈರ್) ಬಿಚ್ಚಿ.

ಬ್ಯಾಟರಿ ಬಿಚ್ಚುವಾಗ ಯಾವ ತುದಿ ಬಾಡಿಗೆ ಹೋಗಿದೆ ಅಂತ ನೋಡಿಕೊಳ್ಳಿ. 1960ರ ದಶಕದ ಮಧ್ಯದವರೆಗಿನ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ತುದಿಯೇ ಅರ್ತ್. ಇದು ತಿಳಿಯದೆ ಜಂಪ್ ಸ್ಟಾರ್ಟ್ ಮಾಡಲು ಹೋದವರು, ರೇಡಿಯೋ ಹಾಕಿಸಲು ಹೋದವರು ಸುಟ್ಟುಕೊಂಡಿದ್ದು ಕಡಿಮೆ ಏನಲ್ಲ.

ಕೀ ತಿರುಗಿಸಿದರೆ ಬರೀ 'ಟಿಕ್' ಅನ್ನುತ್ತದೆ, ಇಲ್ಲವೇ ಅದೂ ಇಲ್ಲ

ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ. ಲೈಟನ್ನೇ ನೋಡುತ್ತಿರಿ. ಅದು ಪೂರ್ತಿ ಮಂಕಾದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ, ಇಲ್ಲವೇ ಸ್ಟಾರ್ಟರ್ ಸಿಕ್ಕಿಹಾಕಿಕೊಂಡಿದೆ. ಲೈಟು ಅಲ್ಲಾಡದೆ ಉರಿಯುತ್ತಿದ್ದರೆ ಕರೆಂಟ್ ಸ್ಟಾರ್ಟರ್‌ವರೆಗೆ ಹೋಗುತ್ತಲೇ ಇಲ್ಲ, ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಭಾಗ) ಅಥವಾ ಸ್ವಿಚ್ ಕಡೆ ನೋಡಿ.

ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಆದ ಮೇಲೆ ಮೀಟರ್ ಹಿಡಿದರೆ ಚೆನ್ನಾಗಿರುವ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸುತ್ತದೆ. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಬೇರೇನನ್ನೂ ಪರೀಕ್ಷೆ ಮಾಡಬೇಡಿ, ಸುಮ್ನೆ ದಾರಿ ತಪ್ಪುತ್ತೀರಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಕಿಡಿ ಬೇಡ.

ಬ್ಯಾಟರಿ ಸರಿಯಿದ್ದೂ ಎಂಜಿನ್ ನಿಧಾನಕ್ಕೆ ತಿರುಗಿದರೆ ನಾನು ಮೊದಲು ಅನುಮಾನ ಪಡುವುದು ಅರ್ತ್ ಪಟ್ಟಿಯನ್ನು. ಎಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ. ಬಾಡಿಗೂ ಅದಕ್ಕೂ ನಡುವೆ ಒಂದು ಹೆಣೆದ ಪಟ್ಟಿ ಇರುತ್ತದೆ. ಅದರ ತುದಿಯಲ್ಲಿ ತುಕ್ಕು, ಬಣ್ಣ, ಎಣ್ಣೆ ಕೂತರೆ ಕರೆಂಟಿಗೆ ವಾಪಸ್ ಬರಲು ದಾರಿ ಸಾಲುವುದಿಲ್ಲ. ಪರೀಕ್ಷೆ ಸುಲಭ. ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಅರ್ತ್ ಗೂಟಕ್ಕೆ (ಕ್ಲಾಂಪಿಗಲ್ಲ, ಸೀಸದ ಗೂಟಕ್ಕೇ), ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ತಡೆ ಇದೆ. ಬಿಚ್ಚಿ, ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಬಿಗಿ ಮಾಡಿ. ಹೊಸ ಬ್ಯಾಟರಿಯ ದುಡ್ಡು ಎಷ್ಟೋ ಸಲ ಈ ಉಜ್ಜುವುದರಲ್ಲೇ ಉಳಿಯುತ್ತದೆ.

ಒಂದು ಸಲ 'ಟಕ್' ಅಂತ ಜೋರಾಗಿ ಸದ್ದಾಗಿ ಸುಮ್ಮನಾಯಿತೇ? ಹಳೆ ಮಾದರಿ ಸ್ಟಾರ್ಟರ್‌ನ ಹಲ್ಲು ಫ್ಲೈವೀಲಿಗೆ ಕಚ್ಚಿಕೊಂಡಿರಬಹುದು. ಕೀ ಆಫ್ ಮಾಡಿ, ಟಾಪ್ ಗೇರ್ ಹಾಕಿ, ಸಮತಟ್ಟು ಜಾಗದಲ್ಲಿ ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದರೆ ಬಿಟ್ಟುಕೊಳ್ಳುತ್ತದೆ. ಪದೇ ಪದೇ ಹೀಗಾದರೆ ಸ್ಟಾರ್ಟರ್ ಬಿಚ್ಚಿ ಹಲ್ಲು ನೋಡಬೇಕು.

ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ

ಮೊದಲು ಕಿಡಿ, ಆಮೇಲೆ ಪೆಟ್ರೋಲ್. ಈ ಕ್ರಮ ತಪ್ಪಿಸಬೇಡಿ.

ಒಂದು ಪ್ಲಗ್ ವೈರ್ ತೆಗೆದು ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ. ಆ ಪ್ಲಗ್‌ನ ಲೋಹದ ಭಾಗ ಎಂಜಿನ್ನಿಗೆ ತಾಗಿರಲಿ. ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು ಸೆಲ್ಫ್ ಹೊಡೆಸಿ. ಎಂಜಿನ್ನಿನಲ್ಲಿರುವ ಪ್ಲಗ್ ತೆಗೆದು ತೂತು ತೆರೆದಿಡಬೇಡಿ, ಅಲ್ಲಿಂದ ಪೆಟ್ರೋಲ್ ಆವಿ ಬರುತ್ತದೆ. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬಂದರೆ ಒಳ್ಳೆಯದು. ಹಳದಿಯಾಗಿ, ಸಣ್ಣಗೆ, ಸದ್ದಿಲ್ಲದೆ ಬಂದರೆ ಕಿಡಿ ಬಲಹೀನ. ಕತ್ತಲಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಕಿಡಿ ಇಲ್ಲವೆಂದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕರೆಂಟ್ ಹಂಚುವ ಭಾಗ) ಕ್ಯಾಪ್ ತೆಗೆಯಿರಿ. ಒಳಗೆ ತೇವ ಇದೆಯಾ? ಒಣಬಟ್ಟೆಯಲ್ಲಿ ಒರೆಸಿ. ಕೂದಲೆಳೆಯಂಥ ಕಪ್ಪು ಗೆರೆ ಒಂದು ತುದಿಯಿಂದ ಇನ್ನೊಂದಕ್ಕೆ ಹರಿದಿದ್ದರೆ ಕರೆಂಟ್ ಅದರ ಮೇಲೇ ಓಡಾಡಿದೆ ಅಂತ ಅರ್ಥ. ಆ ಕ್ಯಾಪ್ ಎಷ್ಟು ಒರೆಸಿದರೂ ಸರಿಹೋಗುವುದಿಲ್ಲ. ನಡುವಿನ ಕಾರ್ಬನ್ ಬೆರಳಿನಿಂದ ಒತ್ತಿದರೆ ಒಳಹೋಗಿ ಮತ್ತೆ ಪುಟಿಯಬೇಕು. ರೋಟರ್‌ನಲ್ಲಿ ಬಿರುಕಿದೆಯೋ ಬೆಳಕಿಗೆ ಹಿಡಿದು ನೋಡಿ.

ಈಗ ಪಾಯಿಂಟ್. ಪಾಯಿಂಟ್ ಮುಚ್ಚಿರುವಾಗ ತುದಿಗಳು ಒಂದಕ್ಕೊಂದು ತಾಗಬೇಕು, ತೆರೆದಾಗ ಅಂತರ ಮ್ಯಾನ್ಯುಯಲ್ ಹೇಳಿದಷ್ಟಿರಬೇಕು. ಬಹಳಷ್ಟು ಕಾರುಗಳಲ್ಲಿ ಅದು 0.35ರಿಂದ 0.45 ಮಿಲಿಮೀಟರ್. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪಾಯಿಂಟ್ ತುದಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕೂತಿರುತ್ತದೆ. ಮುಚ್ಚಿದ ಪಾಯಿಂಟ್ ನಡುವೆ ಶುಭ್ರವಾದ ದಪ್ಪ ಕಾಗದ ಎಳೆದರೆ ಅಷ್ಟಕ್ಕೇ ಕಾರು ಸ್ಟಾರ್ಟ್ ಆಗುವುದುಂಟು. ಇಗ್ನಿಷನ್ ಆನ್ ಮಾಡಿ ಪಾಯಿಂಟ್ ತೆರೆಯುವಾಗ ಅಲ್ಲೇ ಜೋರಾಗಿ ನೀಲಿ ಕಿಡಿ ಹಾರಿದರೆ, ಪ್ಲಗ್‌ನಲ್ಲಿ ಕಿಡಿ ಹಳದಿಯಾಗಿದ್ದರೆ, ಕಂಡೆನ್ಸರ್ ಹೋಗಿದೆ ಅನ್ನಬಹುದು. ನೋಡಿದ್ದಾದ ಮೇಲೆ ಕೀ ಆಫ್ ಮಾಡಿ. ಎಂಜಿನ್ ನಿಂತು, ಪಾಯಿಂಟ್ ಮುಚ್ಚಿ, ಕೀ ಆನ್ ಆಗೇ ಉಳಿದರೆ ಕಾಯಿಲ್ ಸುಡುತ್ತದೆ.

ಕಿಡಿ ಚೆನ್ನಾಗಿದೆ ಅಂತಾದರೆ ಮಾತ್ರ ಪೆಟ್ರೋಲ್ ಕಡೆ ಬನ್ನಿ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ? ನಗಬೇಡಿ, ಹಳೆ ಕಾರಿನ ಫ್ಯೂಯಲ್ ಗೇಜ್ ನಂಬುವಂಥದ್ದಲ್ಲ. ಎಂಜಿನ್ ತಣ್ಣಗಿದ್ದಾಗ ಚೋಕ್ (ಪೆಟ್ರೋಲ್ ಪಾಲು ಹೆಚ್ಚಿಸುವ ಗುಂಡಿ) ಎಳೆದಿರಾ? ಬಿಸಿಯಿದ್ದಾಗ ಎಳೆದುಬಿಟ್ಟಿರಾ? ಪೆಟ್ರೋಲ್ ವಾಸನೆ ಜೋರಾಗಿದ್ದು ಪ್ಲಗ್ ಒದ್ದೆಯಾಗಿದ್ದರೆ ಫ್ಲಡ್ ಆಗಿದೆ. ಚೋಕ್ ಒಳತಳ್ಳಿ, ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು (ಪಂಪ್ ಮಾಡಬೇಡಿ) ಸೆಲ್ಫ್ ಹೊಡೆಯಿರಿ. ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಕಾಯಿಲ್‌ನ ಸಣ್ಣ ವೈರ್ ಬಿಚ್ಚಿ, ಕಾರ್ಬ್ಯುರೇಟರ್‌ಗೆ ಬರುವ ಪೈಪನ್ನು ಬಾಟಲಿಗೆ ಬಿಟ್ಟು ಸೆಲ್ಫ್ ಹೊಡೆದರೆ ಮೆಕ್ಯಾನಿಕಲ್ ಪಂಪ್ ಬಿಟ್ಟು ಬಿಟ್ಟು ಚಿಮ್ಮಿಸಬೇಕು. ಎಲೆಕ್ಟ್ರಿಕ್ ಪಂಪ್ ಆದರೆ ಕೀ ಆನ್ ಮಾಡಿದಾಗ ಟಕಟಕ ಅಂದು ಕ್ರಮೇಣ ನಿಲ್ಲಬೇಕು. ನಿಲ್ಲದೆ ಬಡಿಯುತ್ತಲೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಪೈಪಿನಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಎಲ್ಲೋ ಸುರಿಯುತ್ತಿದೆ. ಈ ಪರೀಕ್ಷೆ ಬಿಸಿ ಎಂಜಿನ್ ಮೇಲೆ ಬೇಡ.

ಚೆನ್ನಾಗಿ ಓಡುತ್ತಿದ್ದದ್ದು ದಾರಿಯಲ್ಲಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ

ಇದು ಎಲ್ಲಕ್ಕಿಂತ ಗೋಳು ಹೊಯ್ದುಕೊಳ್ಳುವ ದೋಷ. ಯಾಕೆಂದರೆ ಮೆಕ್ಯಾನಿಕ್ ಬರುವಷ್ಟರಲ್ಲಿ ಗಾಡಿ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್ ಆಗಿರುತ್ತದೆ. ಗುಟ್ಟು ಒಂದೇ, ನಿಂತ ಕ್ಷಣದಲ್ಲೇ ಪರೀಕ್ಷೆ ಮಾಡಬೇಕು. ಬೇಕಾದ ಸಾಮಾನು ಡಿಕ್ಕಿಯಲ್ಲೇ ಇರಲಿ.

ಗಾಡಿಯನ್ನು ಬದಿಗೆ ಹಾಕಿದ ಕೂಡಲೇ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ, ಕಿವಿಗೊಟ್ಟು ಕೇಳಿ. 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಪೆಟ್ರೋಲ್ ಖಾಲಿಯಾದಷ್ಟೂ ಒಳಗೆ ಗಾಳಿ ಹೋಗಬೇಕು, ಹೋಗದಿದ್ದರೆ ಪಂಪ್ ಎಳೆಯಲಾರದೆ ಸೋಲುತ್ತದೆ. ತೂತು ಚೊಕ್ಕ ಮಾಡಿದರೆ ಮುಗಿಯಿತು, ಖರ್ಚು ಸೊನ್ನೆ.

ಸದ್ದಿಲ್ಲವೆಂದರೆ ತಕ್ಷಣ ಕಿಡಿ ನೋಡಿ. ಬಿಸಿಯಲ್ಲಿ ಕಿಡಿ ಇಲ್ಲ, ಆರಿದ ಮೇಲೆ ಇದೆ ಅಂದರೆ ಕಾಯಿಲ್ ಅಥವಾ ಕಂಡೆನ್ಸರ್. ಇಲ್ಲಿ ಹೊಸಬರಿಗೆ ಗೊತ್ತಿರದ ಸಂಗತಿ ಒಂದಿದೆ. ಕಾಯಿಲ್‌ನಲ್ಲಿ ಎರಡು ಜಾತಿ. ನೇರ 12 ವೋಲ್ಟಿಗೆ ಹಾಕುವುದರ ಪ್ರೈಮರಿ ಸುಮಾರು 3 ಓಮ್ ಇರುತ್ತದೆ, ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವುದು) ಜೊತೆಗೆ ಹಾಕುವುದರದ್ದು ಸುಮಾರು 1.5 ಓಮ್. ಎರಡನೆಯದನ್ನು ಬ್ಯಾಲಸ್ಟ್ ಇಲ್ಲದ ಕಾರಿಗೆ ಹಾಕಿದರೆ ಸ್ವಲ್ಪ ದೂರ ಸೊಗಸಾಗಿ ಓಡಿ, ಕಾದು, ಕೈಕೊಡುತ್ತದೆ. ಹಿಂದಿನ ಮಾಲೀಕರು ಯಾವುದು ಹಾಕಿದ್ದಾರೋ ಮೀಟರ್ ಹಿಡಿದೇ ನೋಡಿ.

ಕಿಡಿ ಇದೆ, ಹೊರಗೆ ಸುಡುಬಿಸಿಲು, ಎಂಜಿನ್ ಕಾದಿದೆ, ಪೆಟ್ರೋಲ್ ಬರುತ್ತಿಲ್ಲ ಅಂದರೆ ವೇಪರ್ ಲಾಕ್. ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರುತ್ತದೆ. ಬಾನೆಟ್ ಎತ್ತಿ ಕಾಯಿರಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಪೈಪ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾದುಹೋಗಿದ್ದರೆ ದೂರ ಸರಿಸುವುದೇ ಸರಿಯಾದ ಪರಿಹಾರ. ಎಲ್ಲ ನೆಟ್ಟಗಿದ್ದೂ ಹೀಗಾಗುತ್ತಿದ್ದರೆ ಟ್ಯಾಂಕಿನೊಳಗಿನ ತುಕ್ಕು ಫಿಲ್ಟರ್ ಕಟ್ಟುತ್ತಿರಬಹುದು. ಪಾರದರ್ಶಕ ಫಿಲ್ಟರ್‌ನಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ಇಳಿಸಿ ತೊಳೆಸುವ ಕಾಲ ಬಂತು.

ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ ಇಲ್ಲ

ಎಂಜಿನ್ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ಸ್ವಲ್ಪ ಹೊತ್ತು ತೆಗೆದು ಹಾಕಿ. ವೈರಿನ ತುದಿ ಎಂಜಿನ್ ಲೋಹಕ್ಕೆ ಹತ್ತಿರವಿರಲಿ. ತೆಗೆದಾಗ ಎಂಜಿನ್ ಸದ್ದು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಯಾವುದನ್ನು ತೆಗೆದರೂ ಫರಕ್ಕೇ ಇಲ್ಲವೋ ಅದೇ ಕಳ್ಳ. ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರ್ ಜೊತೆ ಅದಲುಬದಲು ಮಾಡಿ. ದೋಷವೂ ಜೊತೆಗೇ ಹೋದರೆ ಪ್ಲಗ್. ಹೋಗದಿದ್ದರೆ ವೈರ್ ಅದಲುಬದಲು ಮಾಡಿ. ಎರಡಕ್ಕೂ ಜಗ್ಗದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಬೇಕು. ಒಂದು ಸಿಲಿಂಡರ್ ಮಾತ್ರ ಕಡಿಮೆ ತೋರಿಸಿದರೆ ಒಂದು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ ಅನುಮಾನ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಎಂಜಿನ್ ಬಿಚ್ಚುವವರ ಹತ್ತಿರ ಹೋಗಿ.

ಎಲ್ಲ ಸಿಲಿಂಡರ್ ಓಡುತ್ತಿದ್ದೂ ಗಾಡಿ ಸೋಮಾರಿಯಾಗಿದ್ದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿ. ಪಾಯಿಂಟ್‌ನ ಹಿಮ್ಮಡಿ (ತಿರುಗುವ ಕ್ಯಾಮಿಗೆ ತಾಗುವ ತುಂಡು) ಸವೆದಂತೆ ಅಂತರ ಕಿರಿದಾಗುತ್ತದೆ, ಅದರ ಜೊತೆ ಟೈಮಿಂಗ್ ಹಿಂದೆ ಬೀಳುತ್ತದೆ. ಅದಕ್ಕೇ ಯಾವಾಗಲೂ ಮೊದಲು ಪಾಯಿಂಟ್ ಅಂತರ, ಆಮೇಲೆ ಟೈಮಿಂಗ್. ತಿರುಗಾಮುರುಗಾ ಮಾಡಿದರೆ ಎರಡೂ ತಪ್ಪಾಗುತ್ತವೆ. ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಟೈಮಿಂಗ್ ಮುಂದೆ ತರುವುದು) ಪೈಪನ್ನು ಬಾಯಲ್ಲಿ ಎಳೆದು ನೋಡಿ. ಡಿಸ್ಟ್ರಿಬ್ಯೂಟರ್ ಒಳಗಿನ ತಟ್ಟೆ ಅಲ್ಲಾಡಬೇಕು, ಎಳೆದದ್ದು ಹಿಡಿದು ನಿಲ್ಲಬೇಕು. ಗಾಳಿ ಸರಾಗವಾಗಿ ಬಂದರೆ ಡಯಾಫ್ರಾಮ್ ಹರಿದಿದೆ.

ಐಡ್ಲಿಂಗ್ ಏರಿಳಿತವಾಗುತ್ತಿದ್ದರೆ ಎಲ್ಲೋ ಸುಳ್ಳುಗಾಳಿ (ಕಾರ್ಬ್ಯುರೇಟರ್ ಮೂಲಕ ಬರದೆ ಸಂದಿಯಿಂದ ನುಗ್ಗುವ ಗಾಳಿ) ಎಳೆಯುತ್ತಿದೆ. ಬಿಸಿ ಎಂಜಿನ್ ಮೇಲೆ ಸ್ಪ್ರೇ ಹೊಡೆದು ಹುಡುಕುವವರಿದ್ದಾರೆ, ಅದು ಬೆಂಕಿಗೆ ಆಹ್ವಾನ. ಒಂದು ರಬ್ಬರ್ ಪೈಪ್ ಕಿವಿಗಿಟ್ಟು ಇನ್ನೊಂದು ತುದಿಯನ್ನು ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿನುದ್ದಕ್ಕೂ ಓಡಿಸಿ, ಫ್ಯಾನ್‌ನಿಂದ ದೂರ. ಸೋರುವಲ್ಲಿ ಸಿಳ್ಳೆ ಕೇಳಿಸುತ್ತದೆ.

ಎಕ್ಸಲರೇಟರ್ ಒತ್ತಿದ ಕೂಡಲೇ ಒಂದು ಕ್ಷಣ ಉಸಿರು ಕಟ್ಟಿದಂತಾಗಿ ಆಮೇಲೆ ಎಳೆಯುತ್ತದೆಯೇ? ನಿಮ್ಮದು ಎಸ್‌ಯು ಅಥವಾ ಸ್ಟ್ರಾಂಬರ್ಗ್ ಮಾದರಿಯ ಕಾರ್ಬ್ಯುರೇಟರ್ ಆಗಿದ್ದರೆ ಮೇಲಿನ ಗುಂಡಿಯಂಥ ಮುಚ್ಚಳ ತಿರುಗಿಸಿ ತೆಗೆಯಿರಿ, ಅದರ ಜೊತೆ ಒಂದು ಸಣ್ಣ ಕಡ್ಡಿ ಬರುತ್ತದೆ. ಒಳಗೆ ಎಣ್ಣೆ ಇರಬೇಕು. ಎಷ್ಟೋ ಮಾಲೀಕರಿಗೆ ಅಲ್ಲಿ ಎಣ್ಣೆ ಹಾಕಬೇಕೆಂಬುದೇ ಗೊತ್ತಿರುವುದಿಲ್ಲ! ಇಷ್ಟೆಲ್ಲ ಆದ ಮೇಲೂ ಸರಿಯಾಗದಿದ್ದರೆ ಈಗ ಕಾರ್ಬ್ಯುರೇಟರ್ ಮುಟ್ಟಬಹುದು. ಮುಟ್ಟುವ ಮುಂಚೆ ಸ್ಕ್ರೂವನ್ನು ಮೆತ್ತಗೆ ಕೊನೆಯವರೆಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ಆಯಿತು ಅಂತ ಬರೆದಿಟ್ಟು, ಮತ್ತೆ ಅಷ್ಟೇ ಸುತ್ತು ಹೊರಗೆ ತನ್ನಿ. ವಾಪಸ್ ಬರಲು ದಾರಿ ಇರಬೇಕಲ್ವಾ.

ಟೆಂಪರೇಚರ್ ಮುಳ್ಳು ಏರುತ್ತಿದೆ

ಹೀಟರ್ ಇದ್ದರೆ ಪೂರ್ತಿ ಆನ್ ಮಾಡಿ, ಅದೂ ಒಂದು ಸಣ್ಣ ರೇಡಿಯೇಟರ್ ತಾನೆ. ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಒತ್ತಡದಲ್ಲಿರುವ ನೀರು ಮುಚ್ಚಳ ಸಡಿಲವಾದ ಕ್ಷಣ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೇ ತೆರೆಯಿರಿ. ಕಾದ ಎಂಜಿನ್ನಿಗೆ ತಣ್ಣೀರು ಹಾಕಿದರೆ ಬ್ಲಾಕ್ ಅಥವಾ ಹೆಡ್ ಬಿರುಕು ಬಿಡಬಹುದು.

ಯಾವಾಗ ಕಾಯುತ್ತದೆ ಅನ್ನುವುದೇ ಅರ್ಧ ಉತ್ತರ. ಟ್ರಾಫಿಕ್ಕಿನಲ್ಲಿ ನಿಂತಾಗ ಕಾದು, ಓಡುವಾಗ ಇಳಿದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ಬೆಲ್ಟನ್ನು ಉದ್ದ ಜಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಗ್ಗಬೇಕು. ಜಾಸ್ತಿ ಬಗ್ಗಿದರೆ ಬಿಗಿ ಮಾಡಿ. ವೇಗದಲ್ಲಿ ಓಡುವಾಗ ಕಾದರೆ ನೀರು ಹರಿಯುತ್ತಿಲ್ಲ, ರೇಡಿಯೇಟರ್ ಕಟ್ಟಿದೆ, ಅಥವಾ ಕೆಳಗಿನ ಹೋಸ್ ಮೆತ್ತಗಾಗಿ ಪಂಪಿನ ಎಳೆತಕ್ಕೆ ಒಳಗೆ ಮುಚ್ಚಿಕೊಳ್ಳುತ್ತಿದೆ. ಎಂಜಿನ್ ಆಫ್ ಮಾಡಿ ರೇಡಿಯೇಟರ್ ಮುಂದೆ ಕೈ ಹಿಡಿದು ಸವರಿಕೊಂಡು ಹೋಗಿ. ನಡುವೆ ತಣ್ಣಗಿನ ಪಟ್ಟೆ ಸಿಕ್ಕಿದರೆ ಅಲ್ಲಿ ಕಟ್ಟಿದೆ. ಥರ್ಮೋಸ್ಟಾಟ್ (ನೀರು ಕಾದ ಮೇಲೆ ರೇಡಿಯೇಟರ್‌ಗೆ ದಾರಿ ಬಿಡುವುದು) ಮೇಲೆ ಅನುಮಾನವಿದ್ದರೆ ಬಿಚ್ಚಿ ಪಾತ್ರೆಯ ನೀರಿನಲ್ಲಿ ಕಾಯಿಸಿ, ಅದರ ಮೇಲೆ ಬರೆದಿರುವ ಡಿಗ್ರಿ ಹತ್ತಿರ ತೆರೆಯಬೇಕು. ಟೈಮಿಂಗ್ ಹಿಂದೆ ಬಿದ್ದಿದ್ದರೂ ಎಂಜಿನ್ ಕಾಯುತ್ತದೆ, ಇದನ್ನು ಎಲ್ಲರೂ ಮರೆಯುತ್ತಾರೆ.

ಹೊಸ ಮುಚ್ಚಳ ಹಾಕುವುದಾದರೆ ಮೂಲದಷ್ಟೇ ಒತ್ತಡದ್ದು ಹಾಕಿ. ಹಳೆ ಕಾರುಗಳಲ್ಲಿ ಚದರ ಇಂಚಿಗೆ 4 ಅಥವಾ 7 ಪೌಂಡ್ ಸಾಮಾನ್ಯ. 15 ಪೌಂಡಿನದು ಹಾಕಿದರೆ ಅಷ್ಟು ವರ್ಷ ಸುಮ್ಮನಿದ್ದ ಹೀಟರ್ ಕೋರ್ ಒಡೆದು ಕಾರಿನೊಳಗೆ ನೀರು ಬರುತ್ತದೆ.

ನಿಲ್ಲಿಸಬೇಕಾದ ಲಕ್ಷಣಗಳು: ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಹಾಲು ಕಾಫಿ ಬಣ್ಣ, ರೇಡಿಯೇಟರ್‌ನಲ್ಲಿ ನಿಲ್ಲದ ಗುಳ್ಳೆ, ಸೋರಿಕೆ ಕಾಣದಿದ್ದರೂ ದಿನಾ ನೀರು ಕಡಿಮೆ. ಇದು ಹೆಡ್ ಗ್ಯಾಸ್ಕೆಟ್. ಓಡಿಸಬೇಡಿ. ಆಯಿಲ್ ಹಾಕುವ ಮುಚ್ಚಳದಡಿ ಮಾತ್ರ ತೆಳ್ಳಗೆ ಬಿಳಿ ನೊರೆ ಇದ್ದು ಡಿಪ್‌ಸ್ಟಿಕ್ ಚೊಕ್ಕ ಇದ್ದರೆ ಬರೀ ಸಣ್ಣ ಓಡಾಟದ ತೇವ ಇರಬಹುದು, ಗಾಬರಿ ಬೇಡ.

ಹೊಗೆ, ಆಯಿಲ್

ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ, ಮೊದಲು ಚೋಕ್ ಪೂರ್ತಿ ವಾಪಸ್ ಹೋಗಿದೆಯಾ, ಏರ್ ಫಿಲ್ಟರ್ ಕಟ್ಟಿದೆಯಾ ನೋಡಿ. ನೀಲಿ ಅಂದರೆ ಆಯಿಲ್ ಉರಿಯುತ್ತಿದೆ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಭುಸ್ಸೆಂದು ಬಂದರೆ ವಾಲ್ವ್ ಗೈಡ್, ಎಳೆಯುವಾಗಲೆಲ್ಲ ಬಂದರೆ ರಿಂಗ್. ಬೆಳಿಗ್ಗೆ ಬಂದು ಎರಡು ನಿಮಿಷದಲ್ಲಿ ಮಾಯವಾಗುವ ಬಿಳಿ ಹೊಗೆ ಬರೀ ತೇವ. ಬಿಸಿಯಾದ ಮೇಲೂ ಬರುತ್ತಿದ್ದರೆ ಮೇಲೆ ಹೇಳಿದ ಗ್ಯಾಸ್ಕೆಟ್.

ಓಡುವಾಗ ಆಯಿಲ್ ದೀಪ ಹತ್ತಿದರೆ 'ಮುಂದಿನ ಬಂಕ್‌ವರೆಗೆ' ಅನ್ನುವ ಮಾತೇ ಇಲ್ಲ, ಆಗಲೇ ಆಫ್ ಮಾಡಿ. ಮಟ್ಟ ನೋಡಿ. ಮಟ್ಟ ಸರಿಯಿದ್ದರೆ ಮೆಕ್ಯಾನಿಕಲ್ ಗೇಜ್ ಹಾಕಿಸಿ ನಿಜವಾದ ಒತ್ತಡ ಅಳೆಯುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಬಿಸಿ ಎಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪೌಂಡ್ ಅನ್ನುವುದು ಅಂದಾಜಿನ ಲೆಕ್ಕ, ನಿಖರವಾದದ್ದು ಮ್ಯಾನ್ಯುಯಲ್‌ನಲ್ಲಿರುತ್ತದೆ. ಇನ್ನು ಅಡಿಯಲ್ಲಿ ನಾಲ್ಕು ಹನಿ ಬೀಳುವುದನ್ನು ನಿಲ್ಲಿಸುತ್ತೇನೆ ಅಂತ ಹಟ ಹಿಡಿಯಬೇಡಿ. ಬಹಳ ಹಳೆ ಎಂಜಿನ್‌ಗಳು ಹೊಸದಿದ್ದಾಗಲೂ ಸೋರುತ್ತಿದ್ದವು. ಈಗಿನ ತೀರಾ ತೆಳು ಆಯಿಲ್ ಹಾಕಿದರೆ ಇನ್ನೂ ಸೋರುತ್ತದೆ. ಆ ಕಾಲದ ಅನೇಕ ಎಂಜಿನ್‌ಗಳಿಗೆ 20ಡಬ್ಲ್ಯೂ-50 ಅನ್ನುವ ದಪ್ಪ ಆಯಿಲ್ ಹೊಂದುತ್ತದೆ.

ಬ್ರೇಕ್ ಪೆಡಲ್ ಎಂದಿನಂತಿಲ್ಲ

ಇಲ್ಲಿ ಮಾತ್ರ 'ನೋಡೋಣ, ನಾಳೆ' ಅನ್ನಬೇಡಿ. 1960ರ ದಶಕದ ಎಷ್ಟೋ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನ್. ಎಲ್ಲಿ ಒಂದು ಕಡೆ ಒಡೆದರೂ ನಾಲ್ಕೂ ಹೋಗುತ್ತವೆ. ಆಮೇಲೆ ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ, ಅದಕ್ಕೇ ಅದೂ ಸರಿಯಿರಬೇಕು.

ನಿಂತ ಕಾರಿನಲ್ಲಿ ಪೆಡಲ್ ಗಟ್ಟಿಯಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಧಾನವಾಗಿ ಒಳಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಎಲ್ಲೂ ತೇವ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್‌ನೊಳಗಿನ ಸೀಲ್ ಹೋಗಿದೆ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಎತ್ತರಕ್ಕೆ ಬಂದು ಗಟ್ಟಿಯಾಗಿ ನಿಂತರೆ ಡ್ರಮ್ ಅಡ್ಜಸ್ಟ್ ಮಾಡಬೇಕು. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ, ಬ್ಲೀಡ್ ಮಾಡಬೇಕು, ಅಂದರೆ ಆ ಗಾಳಿ ಹೊರಗೆ ಬಿಡಬೇಕು. ಬ್ಲೀಡ್ ಮಾಡಿದರೂ ಮೆತ್ತಗೇ ಇದ್ದರೆ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತಿದೆ. ಹಳೆ ಹೋಸ್‌ನ ಕಪಟ ಇನ್ನೊಂದಿದೆ. ಹೊರಗಿನಿಂದ ಚೆನ್ನಾಗಿ ಕಂಡು ಒಳಗೆ ಊದಿಕೊಂಡು ದಾರಿ ಮುಚ್ಚಿರುತ್ತದೆ. ಬ್ರೇಕ್ ಹಿಡಿಯುತ್ತದೆ, ಬಿಡುವುದಿಲ್ಲ. ಸ್ವಲ್ಪ ದೂರ ಓಡಿಸಿ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ (ಮುಟ್ಟಬೇಡಿ), ಒಂದು ಮಾತ್ರ ಕೆಂಡದಂತಿದ್ದರೆ ಅಲ್ಲೇ ದೋಷ. ಬ್ಲೀಡ್ ನಿಪ್ಪಲ್ ಸಡಿಲ ಮಾಡಿದ ಕೂಡಲೇ ಚಕ್ರ ಬಿಟ್ಟುಕೊಂಡರೆ ಒತ್ತಡ ವಾಪಸ್ ಹೋಗದೆ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು, ಹೋಸ್ ಬದಲಾಯಿಸಿ. ಆಗಲೂ ಬಿಡದಿದ್ದರೆ ವೀಲ್ ಸಿಲಿಂಡರ್ ತುಕ್ಕು ಹಿಡಿದಿದೆ.

ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ, ತೇವ ಹೀರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಾಟ್ 5 ಸಿಲಿಕೋನ್ ಆಧಾರದ್ದು, ಉಳಿದವುಗಳ ಜೊತೆ ಬೆರೆಸಬಾರದು. ಕೆಲವು ಸಿಟ್ರೊಯೆನ್‌ಗಳಲ್ಲಿ ಇರುವುದು ಹಸಿರು ಮಿನರಲ್ ಎಣ್ಣೆ. ಗೊತ್ತಿಲ್ಲದೆ ಏನನ್ನೂ ಸುರಿಯಬೇಡಿ.

ಡ್ರಮ್ ತೆರೆದಾಗ ಒಳಗಿನ ಧೂಳನ್ನು ಊದಬೇಡಿ, ಏರ್ ಹೊಡೆಯಬೇಡಿ. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಿ. ಮಾಸ್ಟರ್ ಸಿಲಿಂಡರ್, ಪೈಪ್ ಕೆಲಸ ಮೊದಲ ಸಲ ಮಾಡುತ್ತಿದ್ದರೆ ಗೊತ್ತಿರುವವರು ಪಕ್ಕದಲ್ಲಿ ಇರಲಿ.

ಸ್ಟೀರಿಂಗ್ ಅಲ್ಲಾಡುತ್ತದೆ

ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಪ್ಲೇ ಮಾಯವಾದರೆ ವೀಲ್ ಬೇರಿಂಗ್, ಹಾಗೇ ಉಳಿದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ (ಚಕ್ರ ಎಡ ಬಲ ಹೊರಳುವ ಕೀಲು). ಎಡ ಬಲ ಹಿಡಿದಾಗ ಮಾತ್ರ ಇದ್ದರೆ ಸ್ಟೀರಿಂಗ್ ರಾಡ್ ತುದಿಗಳು. ಗ್ರೀಸ್ ನಿಪ್ಪಲ್ ಇರುವ ಕಾರಾದರೆ ಮೊದಲು ಹೊಸ ಗ್ರೀಸ್ ಹೊರಗೆ ಬರುವವರೆಗೆ ತುಂಬಿ.

ಟೈರ್ ವಯಸ್ಸು ನೋಡುವುದನ್ನು ಬಹಳ ಮಂದಿ ಬಿಡುತ್ತಾರೆ. ಪಕ್ಕದಲ್ಲಿ ಡಾಟ್ ಅನ್ನುವ ಗುರುತಿನ ಕೊನೆಯ ನಾಲ್ಕು ಅಂಕಿ ವಾರ ಮತ್ತು ವರ್ಷ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು, ಹಳ್ಳ ಎಷ್ಟೇ ಆಳವಾಗಿ ಕಂಡರೂ ಅದನ್ನು ಹಾಕಿಕೊಂಡು ರಸ್ತೆಗೆ ಇಳಿಯಬೇಡಿ.

ಲೈಟ್ ಮಂಕು, ಚಾರ್ಜ್ ದೀಪ ಆರುವುದಿಲ್ಲ

ಡೈನಮೋ ಇರುವ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಚಾರ್ಜ್ ದೀಪ ಮಿಣುಕುವುದು ಸಹಜ, ರೇಸ್ ಕೊಟ್ಟಾಗ ಆರಬೇಕು. ಆಗಲೂ ಆರದಿದ್ದರೆ ಬೆಲ್ಟ್, ಆಮೇಲೆ ಡೈನಮೋ ಬ್ರಷ್, ಆಮೇಲೆ ರೆಗ್ಯುಲೇಟರ್ ಪೆಟ್ಟಿಗೆ. ಆಲ್ಟರ್ನೇಟರ್ ಆದರೆ ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. ಚಾರ್ಜ್ ಪರೀಕ್ಷೆ ಅಂತ ಓಡುವ ಎಂಜಿನ್ನಿನ ಬ್ಯಾಟರಿ ವೈರ್ ಕೀಳುವ ಹಳೆ ಅಭ್ಯಾಸ ಇದೆಯಲ್ಲ, ಅದು ಆಲ್ಟರ್ನೇಟರ್ ಕೊಲ್ಲುತ್ತದೆ.

ಒಂದೇ ಲೈಟ್ ಮಂಕಾಗಿದ್ದರೆ ಬಲ್ಬಿನ ಅರ್ತ್ ತುದಿಯಿಂದ ಬ್ಯಾಟರಿಯ ಅರ್ತ್‌ಗೆ ಒಂದು ವೈರ್ ಹಿಡಿಯಿರಿ. ಬೆಳಕು ಜಾಸ್ತಿಯಾದರೆ ಉತ್ತರ ಸಿಕ್ಕಿತು. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ಆಗ ಫ್ಯೂಸ್ ಬದಲು ವೈರ್ ಸುಡುತ್ತದೆ. ಬಟ್ಟೆ ಸುತ್ತಿದ ಹಳೆ ವೈರಿನ ಹೊದಿಕೆ ಮುಟ್ಟಿದರೆ ಪುಡಿಯಾಗುವ ಹಂತಕ್ಕೆ ಬಂದಿದ್ದರೆ ತೇಪೆ ಸಾಲದು, ಪೂರ್ತಿ ವೈರಿಂಗ್ ಹೊಸದು ಮಾಡಿಸಿ.

ವರ್ಷಗಟ್ಟಲೆ ನಿಂತಿದ್ದ ಕಾರು ಮನೆಗೆ ಬಂದಿದೆ

ಬಂದ ದಿನವೇ ಸೆಲ್ಫ್ ಹೊಡೆಯುವ ಆಸೆ ತಡೆಯಿರಿ. ಪ್ಲಗ್ ಎಲ್ಲ ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಪುಲ್ಲಿಯ ನಟ್‌ಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಸ್ಟಾರ್ಟರ್‌ನಿಂದ ಒದೆಯಲೂ ಬೇಡಿ, ತಿಳಿದವರನ್ನು ಕರೆಸಿ. ತಿರುಗಿದರೆ ಎಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸಿ, ಕಾಯಿಲ್ ವೈರ್ ಬಿಚ್ಚಿ, ಪ್ಲಗ್ ಹಾಕದೆ, ಆಯಿಲ್ ಒತ್ತಡ ಬರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ.

ಹಳೆ ಪೆಟ್ರೋಲ್ ವಾರ್ನಿಷ್ ವಾಸನೆ ಹೊಡೆಯುತ್ತದೆ, ಪೂರ್ತಿ ತೆಗೆಯಿರಿ. ರಬ್ಬರ್ ಫ್ಯೂಯಲ್ ಪೈಪ್‌ಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ, ಅಥವಾ ಹಿಂಡಿದಾಗ ಬೆರಳಿಗೆ ಕಪ್ಪು ಅಂಟಿದರೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಸಲಕ್ಕೆ ಒಂದೇ ಅಂದೆನಲ್ಲ, ಅದಕ್ಕೆ ಇದೊಂದು ಅಪವಾದ. ಈಗಿನ ಪೆಟ್ರೋಲ್‌ನಲ್ಲಿ ಬೆರೆಸುವ ಎಥನಾಲ್ ಹಳೆ ರಬ್ಬರನ್ನು ಒಳಗಿನಿಂದ ತಿನ್ನುತ್ತದೆ, ಹೊಸದು ತರುವಾಗ ಪೈಪಿನ ಮೇಲೆ ಆರ್9 (ಎಥನಾಲ್ ತಡೆಯುವ ದರ್ಜೆಯ ಗುರುತು) ಅಂತ ಅಚ್ಚಾಗಿರುವುದನ್ನು ನೋಡಿ ತನ್ನಿ. ಮೊದಲ ಸಲ ಸ್ಟಾರ್ಟ್ ಮಾಡುವುದು ಬಯಲಲ್ಲಿ ಆಗಲಿ. ಪಕ್ಕದಲ್ಲಿ ಇನ್ನೊಬ್ಬರು ಫೈರ್ ಎಕ್ಸ್‌ಟಿಂಗ್ವಿಷರ್ ಹಿಡಿದು ನಿಂತು ಪೈಪಿನ ಜೋಡಣೆಗಳನ್ನೇ ನೋಡುತ್ತಿರಲಿ. ಗಾಡಿ ಉರುಳಿಸುವುದು ಬ್ರೇಕ್ ಪರೀಕ್ಷೆ ಮುಗಿದ ಮೇಲೆ.